ಹೆರಿಗೆ ವಾರ್ಡಿನಿಂದ ನೋಡಿದರೆ, ಮೇಷ್ಟ್ರೇ

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಶ್ರೀಲಂಕಾದ ಆಸ್ಪತ್ರೆ, ಶಾಲೆಗಳನ್ನು ಹೊಗಳಿದ್ದೀರಿ. 2022ರಲ್ಲಿ ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ ನಿಂತ ದೇಶ ಅದು. ನಾವೇ ಸಾಲ ಕೊಟ್ಟು ಕಾಪಾಡಿದೆವು. ದಿವಾಳಿಯಾದವರಿಂದ ಕಲಿಯುವುದೇನಿದೆ?"

ಮೇಷ್ಟ್ರೇ, ನಿಮ್ಮ ಪತ್ರ ನೋಡಿಯೇ ಖುಷಿಯಾಯಿತು. ನಾಲ್ಕು ಪುಟ, ಎಲ್ಲೂ ಒಂದು ಚಿತ್ತಿಲ್ಲ. ನೀವು ಹೇಳಿದ್ದು ಸುಳ್ಳೂ ಅಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಲಂಕೆ ವಿದೇಶಿ ಸಾಲ ಕಟ್ಟಲಾರೆ ಎಂದು ಕೈಚೆಲ್ಲಿತು. ಜುಲೈನಲ್ಲಿ ಅಧ್ಯಕ್ಷರೇ ದೇಶ ಬಿಟ್ಟರು. ಭಾರತ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. ಅದು ಹೆಮ್ಮೆಯ ಮಾತೇ. ಆದರೆ ಎರಡು ದೇಶಗಳ ಬದುಕನ್ನು ಹೋಲಿಸಬೇಕಾದಾಗ ನಾನು ಮೊದಲು ಕೇಳುವುದು ಹೆರಿಗೆ ವಾರ್ಡಿನ ಸುದ್ದಿ.

ಅದಕ್ಕೆ ಕಾರಣ ನನ್ನ ಚಿಕ್ಕಮ್ಮ. ಅವರು ತೀರಿಕೊಂಡಾಗ ನನಗೆ ಎಂಟು ವರ್ಷ. ಚೊಚ್ಚಲ ಹೆರಿಗೆ. ರಾತ್ರಿ ಎಷ್ಟು ಹೊತ್ತಾದರೂ ರಕ್ತ ನಿಲ್ಲಲಿಲ್ಲ. ಗಾಡಿ ಕಟ್ಟಿಕೊಂಡು ಹೊರಟರು. ಹಳ್ಳ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾಕೆ ಹೀಗಾಯಿತು ಎಂದು ಯಾವ ಅಧಿಕಾರಿಯೂ ಬಂದು ಕೇಳಲಿಲ್ಲ. ಹಣೆಬರಹ ಅಂದರು, ಅಷ್ಟೇ.

ಲಂಕೆಯಲ್ಲಿ ಕೇಳುತ್ತಾರೆ. ಬಾಣಂತಿಯೊಬ್ಬಳು ಸತ್ತರೆ ಎಲ್ಲಿ ತಡವಾಯಿತು, ಏನು ತಪ್ಪಿತು ಎಂದು ಒಂದೊಂದು ಸಾವನ್ನೂ ಕೂತು ವಿಚಾರಿಸುತ್ತಾರೆ. ನಮ್ಮಲ್ಲೂ ಕಾಗದದ ಮೇಲೆ ಈ ನಿಯಮ ಇದೆ. ಅಲ್ಲಿ ಅದಕ್ಕೆ ಕಾಲು ಬಂದಿದೆ. ಸುಮಾರು 3,000 ಜನಕ್ಕೆ ಒಬ್ಬ ಸರ್ಕಾರಿ ಸೂಲಗಿತ್ತಿ, ನಮ್ಮ ಹಳ್ಳಿಯ ನರ್ಸಮ್ಮನ ಹಾಗೆ. ಬಸುರಿಯ ಮನೆಗೆ ಅವಳೇ ಹೋಗುತ್ತಾಳೆ. ಮಗು ಹುಟ್ಟಿದ ಮೇಲೂ ಹೋಗುತ್ತಾಳೆ. ಈ ಏರ್ಪಾಡಿನ ಬೇರು 1926ರಲ್ಲಿ ಕಲುತರದಲ್ಲಿ ಶುರುವಾದ ಆರೋಗ್ಯ ಘಟಕದಲ್ಲಿದೆ. 1 ಲಕ್ಷ ಕೂಸು ಹುಟ್ಟಿದರೆ ಅಲ್ಲಿ ಸಾಯುವ ತಾಯಂದಿರು ಹೆಚ್ಚೆಂದರೆ 30ರ ಆಸುಪಾಸು. ನಮ್ಮ 2018-20ರ ಲೆಕ್ಕ ನೋಡಿ: ದೇಶಕ್ಕೆ 97, ಕರ್ನಾಟಕಕ್ಕೆ 69. ಅದೇ ಲೆಕ್ಕದಲ್ಲಿ ಕೇರಳ 19. ಅಂದರೆ ನಮ್ಮ ಕೈಲಿ ಆಗದ ಕೆಲಸವೇನಲ್ಲ ಇದು.

ಇದು ಒಂದೇ ದಿನದಲ್ಲಿ ಆಗಲಿಲ್ಲ. 1931ರಲ್ಲೇ, ಬ್ರಿಟಿಷರಿರುವಾಗಲೇ, ಅಲ್ಲಿನ ಹೆಂಗಸರಿಗೂ ಗಂಡಸರಿಗೂ ಓಟು ಬಂತು. 1934-35ರಲ್ಲಿ ಮಲೇರಿಯಾ ಬಂದು ಸಾವಿರಾರು ಜನ ಸತ್ತರು. ಓಟು ಕೇಳಲು ಹೋದವರು ಹಳ್ಳಿಗೆ ಆಸ್ಪತ್ರೆ ಕೊಡದೆ ವಿಧಿಯಿರಲಿಲ್ಲ. 2016ರಲ್ಲಿ ಆ ದೇಶ ಮಲೇರಿಯಾಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇನ್ನು ಶಾಲೆ. ನೀವು ಮೇಷ್ಟ್ರು, ನಿಮಗಿದು ಇಷ್ಟವಾಗುತ್ತದೆ. ಶಿಕ್ಷಣ ಮಂತ್ರಿ ಕನ್ನಂಗರ ಅವರು 1945ರಲ್ಲಿ ಒಂದನೇ ಕ್ಲಾಸಿನಿಂದ ಯೂನಿವರ್ಸಿಟಿವರೆಗೆ ಓದನ್ನು ಉಚಿತ ಮಾಡಿಸಿದರು. ನಮಗೆ ಆಗ ಸ್ವಾತಂತ್ರ್ಯವೇ ಬಂದಿರಲಿಲ್ಲ.

ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಚಹಾ ತೋಟದ ತಮಿಳು ಕೂಲಿಗಳ ಪೌರತ್ವವನ್ನೇ ಕಿತ್ತುಕೊಂಡ ದೇಶ ಅದು. 1983ರಿಂದ 2009ರವರೆಗೆ ಯುದ್ಧದಲ್ಲಿ ಬೆಂದ ದೇಶ. ಆದರೂ ಅವರ ಸರಾಸರಿ ಆಯುಸ್ಸು ಸುಮಾರು 77. ನಮ್ಮದು 72.

ನಾವು ಏನನ್ನು ಎಣಿಸುತ್ತೇವೆ? ಫ್ಲೈಓವರ್, ಮಾಲ್, ವಿಮಾನ ನಿಲ್ದಾಣ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಟೀವಿಗಳು ನಾಲ್ಕು ದಿನ ಕೂಗಿ ಸುಮ್ಮನಾದವು. ಮರುವರ್ಷದ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನ ಜಾಸ್ತಿ ಮಾಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ಬಸುರಿಯರ ಮನೆ ಬಾಗಿಲು ತಟ್ಟುವವರು ಅವರೇ. ಅವರನ್ನು ಬೀದಿಯಲ್ಲಿ ಕೂರಿಸಿ ನಾವು ಯಾವ ದೇಶದ ಜತೆ ಪೈಪೋಟಿ ಮಾಡೋಣ, ಹೇಳಿ.

ನಿಮ್ಮ ಪತ್ರದ ಕೊನೇ ಸಾಲು ನನ್ನನ್ನು ಬಹಳ ಕಾಡಿತು. ಮೊಮ್ಮಗಳ ಎಲ್‌ಕೆಜಿ ಫೀಸಿಗೆ ಬ್ಯಾಂಕಿನ ಎಫ್‌ಡಿ ಮುರಿಸಿದೆ ಎಂದು ಬರೆದಿದ್ದೀರಿ. ನೀವು 34 ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವರು. ಆ ಶಾಲೆ ಈಗ ಹೇಗಿದೆ? ಎಷ್ಟು ಮಕ್ಕಳಿದ್ದಾರೆ? ಒಮ್ಮೆ ಹೋಗಿ ನೋಡಿ ಬಂದು ಬರೆಯಿರಿ ಮೇಷ್ಟ್ರೇ. ಎಷ್ಟು ಪುಟವಾದರೂ ಅಚ್ಚು ಹಾಕುತ್ತೇನೆ.

— ಸಂಪಾದಕ