ಆ ಕಾಗದ ಒಡೆಯಬೇಡಿ, ಗೆಜ್ಜೆ ಕರಗಿಸಬೇಡಿ

(ಮಂಡ್ಯದ ಓದುಗರೊಬ್ಬರು ಹಳೇ ಅಂಬಾಸಿಡರ್ ಕೊಂಡು ಟಿಂಕರಿಂಗ್‌ಗೆ ಬಿಟ್ಟಿದ್ದಾರೆ. ಹಿಂದಿನ ಸೀಟು ಎತ್ತಿದಾಗ ಮಗುವಿನ ಒಂಟಿ ಬೆಳ್ಳಿ ಗೆಜ್ಜೆ, ಬಾಗಿಲು ಬಿಚ್ಚಿದಾಗ ಅಂಟಿಸಿದ ಇನ್‌ಲ್ಯಾಂಡ್ ಲೆಟರ್ ಸಿಕ್ಕಿತಂತೆ. ಅಂಚೆ ಮುದ್ರೆ ಬಿದ್ದಿಲ್ಲ. ವಿಳಾಸಗಳು ಅಳಿಸಿವೆ, ಕಳಿಸಿದವರ ಪಿನ್ 571438 ಮಾತ್ರ ಕಾಣುತ್ತೆ. ‘ಕಾರು ಕೊಂಡ ಮೇಲೆ ಒಳಗಿದ್ದದ್ದೂ ನಮ್ಮದೇ, ಗೆಜ್ಜೆ ಕರಗಿಸಿ ಅಂತಾರೆ ಮನೆಯಲ್ಲಿ. ಕಾಗದ ಒಡೆದು ಓದಲೇ?’ ಎಂದು ಕೇಳಿದ್ದಾರೆ.)

ನಿಮ್ಮ ಪತ್ರ ಓದಿ ಎರಡು ದಿನ ಅದೇ ಗುಂಗಿನಲ್ಲಿದ್ದೆ. ದಯವಿಟ್ಟು ಎರಡನ್ನೂ ಮಾಡಬೇಡಿ.

ನಮ್ಮ ಮನೆಯಲ್ಲೊಂದು ಹಳೇ ಪದ್ಮಿನಿ ಇತ್ತು. ಒಂದು ಮಳೆಗಾಲದಲ್ಲಿ ಎಡಗಡೆ ಬಾಗಿಲ ತಳ ತುಕ್ಕು ಹಿಡಿದು ಉದುರತೊಡಗಿತು. ಮೈಸೂರಿನಲ್ಲಿ ಬನ್ನಿಮಂಟಪದ ಹತ್ತಿರದ ಗ್ಯಾರೇಜಿಗೆ ಒಯ್ದೆ. ಗಾಜಿನ ಪಕ್ಕದ ರಬ್ಬರ್ ಹಳೆಯದಾದರೆ ಮಳೆನೀರು ಬಾಗಿಲೊಳಕ್ಕೆ ಇಳಿಯುತ್ತೆ. ಅದು ಹರಿದು ಹೋಗಲೆಂದೇ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ನಮ್ಮ ಕಾರಿನಲ್ಲಿ ಆ ತೂತುಗಳಿಗೆ ಒದ್ದೆ ಕಾಗದದ ಮುದ್ದೆ ಅಡ್ಡ ಕೂತಿತ್ತು. ಗಾಜು ಇಳಿಯುವ ಸಂದಿನಿಂದ ವರ್ಷಗಟ್ಟಲೆ ಜಾರಿಬಿದ್ದ ಚೀಟಿಗಳು. ನಾನಾಗಿದ್ದರೆ ಸುಮ್ನೆ ಎಸೆದುಬಿಡುತ್ತಿದ್ದೆ. ಗ್ಯಾರೇಜಿನ ಹುಡುಗ ಒಂದೊಂದೇ ಬಿಡಿಸಿ ಬಾನೆಟ್ ಮೇಲೆ ಹರಡಿದ. ಹಾರಿಹೋಗದಂತೆ ಮೇಲೆ ಸ್ಪ್ಯಾನರ್ ಇಟ್ಟ. ಪೆಟ್ರೋಲ್ ಬಿಲ್ಲುಗಳ ನಡುವೆ ಅಮ್ಮನ ಅಕ್ಷರ! ದೇವರಾಜ ಮಾರುಕಟ್ಟೆಗೆ ಬರೆದ ಪಟ್ಟಿ: ರಸಬಾಳೆ 1 ಡಜನ್, ಮಲ್ಲಿಗೆ 4 ಮೊಳ, ಚಿಗುರೆಲೆ 1 ಕಟ್ಟು. ಪೆನ್ಸಿಲಿನಲ್ಲಿ ಬರೆದದ್ದು, ಅದಕ್ಕೇ ನೀರಿಗೂ ಅಳಿಸಿರಲಿಲ್ಲ. ಅಮ್ಮ ತೀರಿಕೊಂಡು ಆಗ ಆರು ವರ್ಷ. ಅವರ ಕೈಬರಹದ ಬೇರೊಂದು ಚೂರೂ ನಮ್ಮ ಹತ್ತಿರ ಇರಲಿಲ್ಲ.

ನೀವು ದುಡ್ಡು ಕೊಟ್ಟದ್ದು ಕಾರಿಗೆ. ಗೆಜ್ಜೆಯನ್ನು ಯಾರೂ ನಿಮಗೆ ಮಾರಿಲ್ಲ, ಅಲ್ವಾ? ಸಿಕ್ಕ ವಸ್ತುವನ್ನು ಒಡೆಯರಿಗೆ ಕೊಡಲೆಂದು ಜೋಪಾನ ಮಾಡಿದರೆ ಕಾನೂನಿನಲ್ಲೂ ತಪ್ಪಿಲ್ಲ. ಹುಡುಕುವ ದಾರಿ ಇದ್ದೂ ಹುಡುಕದೆ ಸ್ವಂತಕ್ಕೆ ಬಳಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ ಪ್ರಕಾರ ಅಪರಾಧ.

ನಿಮಗೆ ದಾರಿ ಇದೆ. ಹಳೇ ಆರ್‌ಸಿ ಪುಸ್ತಕದಲ್ಲಿ ಕಾರು ಕೈ ಬದಲಾದಾಗಲೆಲ್ಲ ಹೊಸ ಮಾಲೀಕರ ಹೆಸರು ಬರೆದಿರುತ್ತಾರೆ. 571438 ಶ್ರೀರಂಗಪಟ್ಟಣದ ಪಿನ್. ಆ ಕಡೆಯವರು ಯಾರಾದರೂ ಪುಸ್ತಕದಲ್ಲಿದ್ದಾರಾ ನೋಡಿ. ಪಿನ್‌ಕೋಡ್ ಶುರುವಾದದ್ದೇ 1972ರ ಆಗಸ್ಟ್ 15ರಂದು. ಅದಕ್ಕೂ ಮೊದಲೇ ಕಾರು ಮಾರಿದವರಿದ್ದರೆ ಕಾಗದದ ಮಟ್ಟಿಗೆ ಅವರನ್ನು ಬಿಟ್ಟುಬಿಡಬಹುದು. ಗೆಜ್ಜೆಯ ಫೋಟೋ ಮಾತ್ರ ವಾಟ್ಸಾಪಿನಲ್ಲಿ ಹಾಕಬೇಡಿ. ಇದರ ಜೋಡಿ ಯಾರದೋ ಮನೆಯ ಬೀರುವಿನಲ್ಲಿ ಇನ್ನೂ ಇರಬಹುದು. ‘ನಮ್ಮದೇ’ ಅಂತ ಬಂದವರಿಗೆ ಜೋಡಿ ತೋರಿಸಲು ಹೇಳಿ. ಅದು ಸಿಗದಿದ್ದರೆ ಹೇಗಿತ್ತು ಅಂತ ಬಾಯಲ್ಲೇ ವಿವರಿಸಲಿ.

ಅಂಚೆಗೆ ಬೀಳದ ಕಾಗದ ಬರೆದವರದ್ದೇ. ಹಾಕಿದ್ದೇನೆ ಅಂದುಕೊಂಡು ಅವರು ಉತ್ತರಕ್ಕೆ ಕಾದಿರಬಹುದು, ಬರಲಿಲ್ಲ ಅಂತ ಮುನಿಸಿಕೊಂಡಿರಲೂಬಹುದು. ಒಡೆಯುವುದೋ ಬೇಡವೋ ಅವರೋ ಅವರ ಮನೆಯವರೋ ತೀರ್ಮಾನಿಸಲಿ. ನೀವು ಬಿಸಿಲಿಗೆ ಇಡಬೇಡಿ, ಇಸ್ತ್ರಿ ಹಾಕಬೇಡಿ. ಎರಡು ಬಿಳಿ ಹಾಳೆಗಳ ನಡುವೆ ನೆರಳಲ್ಲಿಟ್ಟರೆ ಸಾಕು.

ಇನ್ನೂ ಮೂರು ಬಾಗಿಲು ಬಿಚ್ಚುವುದಿದೆ ಅಂತ ಬರೆದಿದ್ದೀರಿ. ಒಳಗಿಂದ ಬಂದದ್ದನ್ನೆಲ್ಲ, ಮಣ್ಣಾದ ಚೀಟಿಯಾದರೂ ಸರಿ, ಒಂದು ಡಬ್ಬಿಗೆ ಹಾಕಿಡಲು ಮೆಕ್ಯಾನಿಕ್‌ಗೆ ಇವತ್ತೇ ಹೇಳಿ.

— ಸಂ.