ಸಿಂಬಲ್ ಬೇಡ, ಕುರ್ಚಿಯೂ ಬೇಡ

ಪ್ರಶ್ನೆ: ಕಾಲೇಜಿಗೆ ಹೋಗುವ ಮಗಳಿಗೆ ಡ್ರಮ್ಸ್ ಹುಚ್ಚು ಹಿಡಿದಿದೆ. ದಿನಾ ಮೋ ಟಕರ್ ಅಂತ ಯಾರದೋ ಜಪ. ಯಾರು ಈ ಮಹಾತಾಯಿ? ಡ್ರಮ್ಸ್ ಬಾರಿಸಿ ಅವರ ಹೊಟ್ಟೆ ತುಂಬಿತಾ?
– ಒಬ್ಬ ಅಪ್ಪ, ದಾವಣಗೆರೆ

ಉತ್ತರ: ಹೊಟ್ಟೆ ವಿಷಯ ಮೊದಲು ಹೇಳಿಬಿಡುತ್ತೇನೆ. ತುಂಬಲಿಲ್ಲ. 1980ರ ದಶಕದಲ್ಲಿ ಅವರು ಅಮೆರಿಕದ ಜಾರ್ಜಿಯಾದಲ್ಲಿ ವಾಲ್‌ಮಾರ್ಟ್ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು ಐದು ಮಕ್ಕಳನ್ನು ಸಾಕುತ್ತಿದ್ದರು.

ಮೋರೀನ್ ಟಕರ್ ಹುಟ್ಟಿದ್ದು 1944ರಲ್ಲಿ, ನ್ಯೂಯಾರ್ಕ್‌ನಲ್ಲಿ. ನೈಜೀರಿಯಾದ ಡ್ರಮ್ಮರ್ ಒಲಟುಂಜಿಯ ರೆಕಾರ್ಡ್ ಹಾಕಿಕೊಂಡು ತಾವೇ ಬಾರಿಸಿ ಕಲಿತವರು. ಹೊಟ್ಟೆಪಾಡಿಗೆ, ಆಗಿನ ಕಂಪ್ಯೂಟರಿಗೆ ಮಾಹಿತಿ ತುಂಬುವ ಕಾರ್ಡುಗಳಿಗೆ ತೂತು ಹೊಡೆಯುವ ಕೆಲಸ. 1965ರ ಕೊನೆಗೆ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ಬ್ಯಾಂಡಿನ ಡ್ರಮ್ಮರ್ ಮುನಿಸಿಕೊಂಡು ಹೊರಟುಬಿಟ್ಟ. ಕಾರಣ ಕೇಳಿದರೆ ನಗು ಬರುತ್ತದೆ, ಬ್ಯಾಂಡಿನವರು ದುಡ್ಡು ತಗೊಂಡು ನುಡಿಸಲು ಒಪ್ಪಿಬಿಟ್ಟರಲ್ಲ ಅಂತ! ನ್ಯೂಜೆರ್ಸಿಯ ಹೈಸ್ಕೂಲೊಂದರಲ್ಲಿ, 75 ಡಾಲರ್‌ಗೆ. ಆಗ ಗಿಟಾರಿಸ್ಟ್‌ಗೆ ನೆನಪಾಗಿದ್ದು ಗೆಳೆಯನ ತಂಗಿ, ಇದೇ ಮೋ.

ಇವರು ಕೂತು ಬಾರಿಸುತ್ತಿರಲಿಲ್ಲ. ಕಾಲಲ್ಲಿ ಪೆಡಲ್ ತುಳಿದು ಬಾರಿಸಬೇಕಾದ ದೊಡ್ಡ ಬೇಸ್ ಡ್ರಮ್ಮನ್ನು ನಗಾರಿಯ ಹಾಗೆ ಮಲಗಿಸಿ, ನಿಂತುಕೊಂಡು, ದಪ್ಪ ತಲೆಯ ಕೋಲಿನಿಂದ ಮೇಲಿಂದಲೇ ಬಡಿಯುತ್ತಿದ್ದರು. ಸಿಂಬಲ್, ಅಂದರೆ ಝಣ್ ಅನ್ನುವ ಲೋಹದ ತಟ್ಟೆ, ಮುಟ್ಟುತ್ತಿದ್ದುದೇ ಅಪರೂಪ. ಧಡ್ ಧಡ್ ಧಡ್, ಅಷ್ಟೇ. ಸುಮ್ನೆ ಕೇಳಿದರೆ ಇದರಲ್ಲೇನಿದೆ ಅನಿಸುತ್ತದೆ, ಆದರೆ ಪಕ್ಕದಲ್ಲಿ ಪಿಟೀಲಿನ ಅಕ್ಕನಂಥ ವಯೋಲಾ ಕಿರುಚುವಾಗ, ಗಿಟಾರ್ ಗುಡುಗುವಾಗ ಆ ಒಂದು ಪೆಟ್ಟೇ ಹಾಡನ್ನು ಹಿಡಿದು ನಿಲ್ಲಿಸುತ್ತದೆ. 1966ರಲ್ಲಿ ಡ್ರಮ್ಸ್ ಕಳುವಾದಾಗ ಕಸದ ಡಬ್ಬಿಗಳನ್ನೇ ತಂದಿಟ್ಟುಕೊಂಡು ಕೆಲವು ರಾತ್ರಿ ಬಾರಿಸಿದ್ದರು!

1967ರ ಮೊದಲ ಆಲ್ಬಮ್ಮಿನ ‘ಹೆರಾಯಿನ್’ ಹಾಡನ್ನು ಮಗಳ ಜೊತೆ ಒಮ್ಮೆ ಕೇಳಿ. ಐದು ನಿಮಿಷ ದಾಟಿದ ಮೇಲೆ ಡ್ರಮ್ಸ್ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಉಳಿದವರ ಅಬ್ಬರದಲ್ಲಿ ಏನೂ ಕೇಳಿಸದೆ, ಅವರೂ ನಿಲ್ಲಿಸಬಹುದು ಅಂತ ಇವರು ಕೋಲು ಇಳಿಸಿದ್ದು. ಅವರು ನಿಲ್ಲಿಸಲೇ ಇಲ್ಲ. ಹಾಗೆ ನುಡಿಸಿದ್ದೇ ರೆಕಾರ್ಡಿಗೆ ಹೋಯಿತು. ನನಗೆ ಇಡೀ ಆಲ್ಬಮ್ಮಿನಲ್ಲಿ ಜಾಸ್ತಿ ಇಷ್ಟವಾದ ಜಾಗ ಅದು.

ಬ್ಯಾಂಡಿನ 1970ರ ಆಲ್ಬಮ್ಮಿನ ಹೊತ್ತಿಗೆ ಮೋ ಬಸುರಿ, ಹಾಗಾಗಿ ಅದರಲ್ಲಿ ಅವರಿಲ್ಲ. ಆಮೇಲೆ ಸಂಸಾರ. 1980ರ ದಶಕದ ಶುರುವಿನಲ್ಲಿ ಎಲ್ಲ ವಾದ್ಯವನ್ನೂ ತಾವೇ ನುಡಿಸಿ ಮನೆಯಲ್ಲೇ ಒಂದು ಆಲ್ಬಮ್ ಮಾಡಿದರು. 1993ರಲ್ಲಿ ಹಳೇ ಬ್ಯಾಂಡ್ ಮತ್ತೆ ಸೇರಿ ಯುರೋಪ್ ಸುತ್ತಿತು, 1996ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವವೂ ಬಂತು.

ವಾಲ್‌ಮಾರ್ಟ್ ಕತೆ ಹೇಳಿ ಮಗಳನ್ನು ಹೆದರಿಸೋಣ ಅಂದುಕೊಂಡಿದ್ದರೆ ಬಿಡಿ, ಅದು ಅವಳಿಗೆ ನಿಮಗಿಂತ ಮೊದಲೇ ಗೊತ್ತಿರುತ್ತದೆ. ಪಕ್ಕದ ಮನೆಯವರು ಜಗಳಕ್ಕೆ ಬರುವ ಮುಂಚೆ ಪ್ರಾಕ್ಟೀಸಿಗೆ ಒಂದು ರಬ್ಬರ್ ಪ್ಯಾಡ್ ತಂದುಕೊಡಿ.