ಬೆಟ್ಟದ ಒರತೆಯ ನೀರು: ಬಾಟಲಿಗೆ ಹೋಗುವ ಮೊದಲು

ಪ್ರಶ್ನೆ: ನಮ್ಮ ಜಮೀನಿನ ಅಂಚಿಗೆ, ಬೆಟ್ಟದ ಬುಡದಲ್ಲಿ ಒಂದು ಒರತೆ ಇದೆ. ಕಡು ಬೇಸಿಗೆಯಲ್ಲೂ ಬತ್ತಿದ್ದಿಲ್ಲ. ನೀರು ಕನ್ನಡಿಯ ಹಾಗಿದೆ. ಮನೆಯವರೆಲ್ಲ ಅದನ್ನೇ ಕುಡಿದು ಬೆಳೆದವರು. ಇದನ್ನು ಬಾಟಲಿಗೆ ತುಂಬಿ ಮಾರುವ ಆಸೆ. ಯಾವ ಮಷಿನ್ ತಗೊಳ್ಳಲಿ?

ಉತ್ತರ: ಸದ್ಯಕ್ಕೆ ಮಷಿನ್ ಬೇಡ. ಒಂದು ಬಕೆಟ್, ಒಂದು ಥರ್ಮಾಮೀಟರ್, ಒಂದು ಟಿಡಿಎಸ್ ಮೀಟರ್ (ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ತೋರಿಸುವುದು), ಒಂದು ನೋಟ್‌ಬುಕ್ ಸಾಕು. ಒಂದು ವರ್ಷ ಒರತೆಯನ್ನು ಸುಮ್ನೆ ನೋಡಿ, ಬರೆದಿಡಿ.

ಈಗ 20 ಲೀಟರ್ ಬಕೆಟ್ ತುಂಬಲು 40 ಸೆಕೆಂಡ್ ಹಿಡಿಯುತ್ತದೆ ಅಂದುಕೊಳ್ಳಿ. ಆಗ ದಿನಕ್ಕೆ 43,200 ಲೀಟರ್. ಕೇಳಿದರೆ ಖುಷಿಯಾಗುತ್ತದೆ. ಅದೇ ಬಕೆಟ್ ಬೇಸಿಗೆಯ ಕೊನೆಗೆ 4 ನಿಮಿಷ ತಗೊಂಡರೆ ಬರೀ 7,200 ಲೀಟರ್. ಲೆಕ್ಕ ಹಾಕಬೇಕಾದ್ದು ಈ ಎರಡನೆಯ ಅಂಕಿಯ ಮೇಲೆ. ಅದರಲ್ಲೂ ಒಂದು ಪಾಲನ್ನು ಕೆಳಗಿನ ತೊರೆಗೆ ಬಿಡಬೇಕು. ಅಲ್ಲಿಯೂ ನೀರು ಕುಡಿಯುವ ಜೀವಗಳಿವೆ, ಅಲ್ವಾ?

ಇನ್ನು ನಿಜವಾದ ಪರೀಕ್ಷೆ ಜೋರು ಮಳೆಯ ಮಾರನೆಯ ದಿನ. ಬೆಳಿಗ್ಗೆಯೇ ಹೋಗಿ. ಒಂದು ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹತ್ತು ನಿಮಿಷ ಒರತೆಯ ಬಾಯಿಗೆ ಹಿಡಿಯಿರಿ. ಬಟ್ಟೆ ಬಿಚ್ಚಿದಾಗ ಎಲೆಯ ಚೂರು, ಮಣ್ಣಿನ ಗೆರೆ, ಹುಳ ಕಂಡರೆ ಮೇಲಿನ ಮಳೆನೀರು ಎಲ್ಲೋ ನೇರವಾಗಿ ಒಳಗೆ ನುಗ್ಗುತ್ತಿದೆ ಎಂದರ್ಥ. ನೀರಿನ ಬಿಸಿ ಮತ್ತು ಟಿಡಿಎಸ್ ನೋಡಿ. ಆಳದಿಂದ ಬರುವ ನೀರು ಮಳೆಗೂ ಬಿಸಿಲಿಗೂ ಅಷ್ಟಾಗಿ ಬದಲಾಗುವುದಿಲ್ಲ. ಮಳೆ ಬಂದ ಒಂದೆರಡು ದಿನದಲ್ಲೇ ಅಂಕಿಗಳು ಏರುಪೇರಾದರೆ ಒರತೆ ಆಳದ್ದಲ್ಲ. ಹೋಲಿಕೆಗೆ ಹೇಳುವುದಾದರೆ, ಆಲ್ಪ್ಸ್ ಬೆಟ್ಟಗಳಿಂದ ಬಾಟಲಿಗೆ ತುಂಬುವ ಎವಿಯಾನ್ ಎಂಬ ನೀರು ಹಿಮನದಿಗಳು ತಂದುಹಾಕಿದ ಮರಳಿನಲ್ಲಿ ಸೋಸಿ ಹೊರಬರಲು 15 ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಸುಣ್ಣಕಲ್ಲಿನ ಬೆಟ್ಟದಲ್ಲಿ ಇದೇ ಕೆಲಸ ಕೆಲವೊಮ್ಮೆ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಅಲ್ಲಿ ಬಿರುಕುಗಳೇ ಪೈಪು, ಸೋಸುವ ಮಾತೇ ಇಲ್ಲ. ಹಾಗಾಗಿ ಮೇಲೆ ದನದ ಕೊಟ್ಟಿಗೆ, ಶೌಚದ ಗುಂಡಿ, ಗೊಬ್ಬರ ಹಾಕುವ ತೋಟ ಏನಾದರೂ ಇದೆಯೇ ಎಂದು ಬೆಟ್ಟ ಹತ್ತಿಯೇ ನೋಡಬೇಕು. ನೀವು ಮಾರಲು ಹೊರಟಿರುವುದು ಕೆಳಗಿನ ತೂತನ್ನಲ್ಲ, ಮೇಲಿನ ಇಡೀ ಇಳಿಜಾರನ್ನು.

"ಕುಡಿದು ಬೆಳೆದವರು" ಎಂಬ ಮಾತು ತುಂಬಾ ಜನ ಹೇಳುತ್ತಾರೆ. ಅಡ್ಡಿಯಿಲ್ಲ. ಆದರೆ ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ ಆರ್ಸೆನಿಕ್ 10 ಮೈಕ್ರೋಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ. ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಲ್ಯಾಬಿಗೆ ಕಳಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರೇ ಕೊಟ್ಟ ಶುದ್ಧ ಬಾಟಲಿ ಬಳಸಿ, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಿಸಬೇಡಿ, ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ.

ಪ್ರಶ್ನೆ: ಒರತೆಯ ಸುತ್ತ ಕಾಂಕ್ರೀಟ್ ತೊಟ್ಟಿ ಕಟ್ಟಿಸಿದೆವು. ನೀರು ಚೆನ್ನಾಗಿ ನಿಲ್ಲಲಿ ಅಂತ ಗೋಡೆ ಎತ್ತರಿಸಿದೆವು. ಆಮೇಲೆ ಹರಿವೇ ಕಡಿಮೆಯಾಗಿದೆ. ಏಕೆ?

ಉತ್ತರ: ಗೋಡೆ ಎತ್ತರಿಸಿದ್ದಕ್ಕೇ. ಒರತೆಯ ಕಣ್ಣಿಗಿಂತ, ಅಂದರೆ ನೀರು ಹೊರಬರುವ ತೂತಿಗಿಂತ, ಮೇಲೆ ನೀರು ನಿಂತರೆ ಆ ಭಾರ ಹಿಂದಕ್ಕೆ ಒತ್ತುತ್ತದೆ. ನೀರು ಹಟ ಮಾಡುವುದಿಲ್ಲ, ಪಕ್ಕದಲ್ಲಿ ಇನ್ನೊಂದು ದಾರಿ ನೋಡಿಕೊಳ್ಳುತ್ತದೆ. ನಾನು ನೋಡಿದ ಒಂದು ಕಡೆ ತೊಟ್ಟಿ ಖಾಲಿ, ಇಪ್ಪತ್ತು ಹೆಜ್ಜೆ ಕೆಳಗೆ ಹುಲ್ಲೆಲ್ಲ ಜೌಗು! ಹೆಚ್ಚಾದ ನೀರು ಹೊರಹೋಗುವ ಪೈಪನ್ನು ಕಣ್ಣಿಗಿಂತ ಕೆಳಗೆ ಕೂರಿಸಿ, ಬಾಯಿಗೆ ಸಣ್ಣ ಜಾಲರಿ ಹಾಕಿ. ನೀರು ಈಗಾಗಲೇ ಬೇರೆ ದಾರಿ ಹಿಡಿದಿರದಿದ್ದರೆ ಹರಿವು ಮರಳಬಹುದು. ತೊಟ್ಟಿಯ ಹಿಂದೆ ಜಲ್ಲಿ, ಅದರ ಮೇಲೆ ಜೇಡಿಮಣ್ಣಿನ ಪದರ ಬೇಕು. ಇಳಿಜಾರಿನ ಮೇಲ್ಗಡೆ ಮಳೆನೀರು ತಿರುಗಿಸುವ ಕಾಲುವೆ, ಸುತ್ತ ಬೇಲಿ. ಮುಚ್ಚಳ ಬೀಗ ಹಾಕುವಂತಿರಲಿ.

ಪ್ರಶ್ನೆ: ಕ್ರಿಮಿ ಕೊಲ್ಲಲು ಓಝೋನ್ ಅನಿಲ ಅಥವಾ ಯುವಿ (ಅತಿನೇರಳೆ ಬೆಳಕಿನ ದೀಪ) ಹಾಕಿದರೆ "ನೈಸರ್ಗಿಕ" ಎಂದು ಬರೆಯಬಹುದೇ?

ಉತ್ತರ: ಇದು ಯಾವ ದೇಶದ ಕಾನೂನು ಎಂಬುದರ ಮೇಲೆ ನಿಂತಿದೆ. ಯುರೋಪಿನಲ್ಲಿ ನೈಸರ್ಗಿಕ ಮಿನರಲ್ ವಾಟರ್ ಎನ್ನಬೇಕಾದರೆ ಮೂಲದಲ್ಲೇ ತುಂಬಬೇಕು, ಕ್ರಿಮಿ ಕೊಲ್ಲಲು ಏನನ್ನೂ ಬಳಸುವಂತಿಲ್ಲ. ಕಬ್ಬಿಣದಂಥವನ್ನು ತೆಗೆಯಲು ಮಾತ್ರ ಕೆಲವು ವಿಧಾನಗಳಿಗೆ ಅನುಮತಿ ಇದೆ. ಅಮೆರಿಕದಲ್ಲಿ ಒರತೆ ನೀರು ಎಂದು ಬರೆಯಲು ಅದು ತಾನಾಗಿ ಭೂಮಿಯ ಮೇಲೆ ಬರುವ ನೀರಾಗಿರಬೇಕು. ಒರತೆಯ ಬಾಯಲ್ಲೇ ಹಿಡಿಯಬಹುದು, ಅಥವಾ ಅದೇ ಒರತೆಗೆ ನೀರುಣಿಸುವ ಪದರಕ್ಕೆ ಕೊಳವೆ ಇಳಿಸಿಯೂ ತೆಗೆಯಬಹುದು. ಲೇಬಲ್ ಅಚ್ಚು ಹಾಕಿಸುವ ಮೊದಲು ನಿಮ್ಮಲ್ಲಿಯ ನಿಯಮ ಓದಿ.

ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ಘಟಕಕ್ಕೆ ಯುವಿ ಸುಲಭ. ಆದರೆ ನೀರು ಕದಡಿದ್ದರೆ ಬೆಳಕು ಒಳಗೆ ತೂರುವುದಿಲ್ಲ, ದೀಪ ಉರಿದೂ ದಂಡ. ಓಝೋನ್ ಬಾಟಲಿ, ಮುಚ್ಚಳದ ಒಳಗೂ ಕೆಲಸ ಮಾಡಿ ಆಮೇಲೆ ಆಮ್ಲಜನಕವಾಗಿಬಿಡುತ್ತದೆ. ನೀರಿನಲ್ಲಿ ಬ್ರೋಮೈಡ್ ಎಂಬ ಲವಣ ಇದ್ದರೆ ಮಾತ್ರ ತೊಂದರೆ, ಅದು ಆರೋಗ್ಯಕ್ಕೆ ಕೆಟ್ಟದಾದ ಬ್ರೋಮೇಟ್ ಆಗುತ್ತದೆ. ಅದರ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಓಝೋನ್ ಯಂತ್ರ ತರುವ ಮೊದಲೇ ಬ್ರೋಮೈಡ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮೂಲದ ನೀರು ಪಾಸಾಗಿದೆ. ತುಂಬಿದ ಬಾಟಲಿಯನ್ನೂ ಪರೀಕ್ಷಿಸಬೇಕೇ?

ಉತ್ತರ: ಬೇಕು. 1990ರಲ್ಲಿ ಫ್ರಾನ್ಸಿನ ಪೆರಿಯೆ ಎಂಬ ಬಾಟಲಿ ನೀರಿನಲ್ಲಿ ಬೆಂಜೀನ್ ಎಂಬ ವಿಷದ ರಾಸಾಯನಿಕ ಸಿಕ್ಕಿ, ಲೋಕದಾದ್ಯಂತ ಸುಮಾರು 16 ಕೋಟಿ ಬಾಟಲಿಗಳನ್ನು ವಾಪಸ್ ತರಿಸಬೇಕಾಯಿತು. ಕಾರಣ, ನೆಲದಿಂದ ಬರುವ ಅನಿಲವನ್ನು ಸೋಸುವ ಫಿಲ್ಟರನ್ನು ಸಮಯಕ್ಕೆ ಬದಲಿಸದೇ ಇದ್ದದ್ದು. ನಿಮ್ಮಲ್ಲಿ ಅನಿಲ ಇಲ್ಲದಿರಬಹುದು, ಆದರೆ ಪೈಪು, ಟ್ಯಾಂಕು, ತುಂಬುವ ನಳಿಕೆ, ಮುಚ್ಚಳ ಇದ್ದೇ ಇವೆ. ಪ್ರತಿ ಬ್ಯಾಚಿನ ಒಂದೆರಡು ಬಾಟಲಿಗಳನ್ನು ತಾರೀಕು ಬರೆದು ಎತ್ತಿಡಿ. ದೂರು ಬಂದ ದಿನ ಅವು ಬೇಕಾಗುತ್ತವೆ. ಅವನ್ನು ಬಿಸಿಲಿನಿಂದ ದೂರ ಇಡಿ, ಪೆಟ್ರೋಲ್, ಬಣ್ಣದ ಡಬ್ಬಿ ಇರುವ ಕೋಣೆಯಲ್ಲಂತೂ ಬೇಡ. ಪ್ಲಾಸ್ಟಿಕ್ ಬಾಟಲಿಯೊಳಗೆ ಆ ವಾಸನೆ ನಿಧಾನಕ್ಕೆ ಇಳಿಯುತ್ತದೆ.